ಉಲ್ಲೇಖಗಳ ಎಣಿಕೆ ಮತ್ತು ಕರ್ತೃತ್ವದ ಪ್ರಶ್ನೆ

ಯಾವುದೇ ಕರ್ಮ ಸಿದ್ಧಿಸಬೇಕಾದರೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳು ಕೂಡಿಬರಬೇಕೆಂದು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಹೇಳುತ್ತದೆ. ಇವುಗಳಲ್ಲಿ ತನ್ನೊಬ್ಬನನ್ನೇ ಕರ್ತೃವೆಂದು ಕಾಣುವವನ ಬುದ್ಧಿ ಇನ್ನೂ ಸಂಸ್ಕಾರಗೊಂಡಿಲ್ಲವೆಂದೂ ಸೇರಿಸುತ್ತದೆ. ವಿಜ್ಞಾನಿಯ ಸಾಧನೆಯನ್ನು ಅಳೆಯಲು ಇಂದು ಬಳಕೆಯಲ್ಲಿರುವ ಮಾನದಂಡ ಇದಕ್ಕೆ ತೀರ ವಿರುದ್ಧವಾದುದು. ಒಬ್ಬರ ಪ್ರಬಂಧವನ್ನು ಬೇರೆ ಸಂಶೋಧಕರು ತಮ್ಮ ಬರಹದಲ್ಲಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆಂಬ ಲೆಕ್ಕವನ್ನು ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಸೂಚಿಯ ರೂಪದಲ್ಲಿ ಹೊರತಂದರು. 2005ರಲ್ಲಿ ಭೌತವಿಜ್ಞಾನಿ ಹೊರ್ಹೆ ಹಿರ್ಷ್ ಅದನ್ನು ಒಂದೇ ಅಂಕಿಗೆ ಇಳಿಸಿದರು. ತಲಾ ನಲವತ್ತು ಬಾರಿಯಾದರೂ ಉಲ್ಲೇಖಗೊಂಡ ನಲವತ್ತು ಪ್ರಬಂಧಗಳಿದ್ದು, ನಲವತ್ತೊಂದಕ್ಕೆ ಆ ಲೆಕ್ಕ ಹೊಂದದಿದ್ದರೆ ಆ ಸಂಶೋಧಕರ ಎಚ್-ಸೂಚ್ಯಂಕ ನಲವತ್ತು. ಅಂಕಿ ವ್ಯಕ್ತಿಯ ಹೆಸರಿಗೇ ಅಂಟಿಕೊಳ್ಳುತ್ತದೆ.

ಮಿದುಳಿನ ನರಕೋಶಗಳು ಕ್ರಮೇಣ ನಶಿಸುತ್ತ ಹೋಗುವ ಕಾಯಿಲೆಗಳ ಸಂಶೋಧನೆಯಲ್ಲಿ ಈ ವೈರುಧ್ಯ ಸ್ಪಷ್ಟವಾಗಿ ಕಾಣುತ್ತದೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನ ಕೋಶಗಳೊಳಗೆ ದುಂಡನೆಯ ಗಂಟುಗಳಿರುವುದನ್ನು ಫ್ರೆಡರಿಕ್ ಲೆವಿ 1912ರಲ್ಲಿ ವರ್ಣಿಸಿದ್ದರೂ, ಅವು ಮುಖ್ಯವಾಗಿ ಯಾವ ದ್ರವ್ಯದಿಂದ ಆದವು ಎಂಬುದು ಎಂಬತ್ತೈದು ವರ್ಷ ತಿಳಿದಿರಲಿಲ್ಲ. ಆಣ್ವಿಕ ಜೀವವಿಜ್ಞಾನಿ ಮರಿಯಾ ಗ್ರಾಜಿಯಾ ಸ್ಪಿಲ್ಲಂಟಿನಿ, ಮೈಕೆಲ್ ಗೋಡೆರ್ಟ್ ಮತ್ತು ನಾಲ್ವರು ಸಹಲೇಖಕರು 1997ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯ ಎರಡೇ ಪುಟಗಳಲ್ಲಿ ಉತ್ತರ ಕೊಟ್ಟರು: ಆಲ್ಫಾ-ಸೈನುಕ್ಲೀನ್ ಎಂಬ, 140 ಅಮೈನೊ ಆಮ್ಲಗಳ ಸಣ್ಣ ಪ್ರೋಟೀನು. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಮಿದುಳಿನ ತೆಳು ಸೀಳುಗಳ ಮೇಲೆ ಹಾಯಿಸಿದಾಗ ಲೆವಿ ಗಂಟುಗಳು ಗಾಢವಾಗಿ ಬಣ್ಣ ಹಿಡಿದವು. ಆ ಎರಡು ಪುಟಗಳು ಅಲ್ಲಿಂದೀಚೆಗೆ ಸಾವಿರಾರು ಬಾರಿ ಉಲ್ಲೇಖಗೊಂಡಿವೆ.

ಈ ಕರ್ಮದ ಕಾರಣಗಳನ್ನು ಬಿಡಿಸಿ ನೋಡಿದರೆ ಕರ್ತೃವಿನ ಪಾಲು ಎಷ್ಟೆಂದು ಹೇಳುವುದು ಕಷ್ಟ. ಆ ಪ್ರೋಟೀನನ್ನು 1988ರಲ್ಲಿ ಮೊದಲು ಗುರುತಿಸಿದ್ದು ವಿದ್ಯುತ್ ಹೊಮ್ಮಿಸುವ ಸಮುದ್ರ ಮೀನೊಂದರಲ್ಲಿ. ಆ ಸಂಶೋಧಕರ ಮನಸ್ಸಿನಲ್ಲಿ ಪಾರ್ಕಿನ್ಸನ್ ಕಾಯಿಲೆ ಇರಲಿಲ್ಲ. ಮಾನವ ಮಿದುಳಿನ ಸೈನುಕ್ಲೀನ್‌ಗಳ ಬಗೆಗೆ ಸ್ಪಿಲ್ಲಂಟಿನಿ, ಗೋಡೆರ್ಟ್ ಅವರಿದ್ದ ಕೇಂಬ್ರಿಜ್ ತಂಡ 1994ರಲ್ಲೇ ಬರೆದಿತ್ತು. ಅಷ್ಟರಲ್ಲಿ, 1997ರ ಜೂನ್‌ನಲ್ಲಿ, ಇಟಲಿಯ ಕಂಟುರ್ಸಿ ಮೂಲದ ಒಂದು ದೊಡ್ಡ ಕುಟುಂಬ ಹಾಗೂ ಕೆಲವು ಗ್ರೀಕ್ ಕುಟುಂಬಗಳಲ್ಲಿ ಪಾರ್ಕಿನ್ಸನ್ ತಲೆಮಾರಿನಿಂದ ತಲೆಮಾರಿಗೆ ಹರಿಯಲು ಇದೇ ಪ್ರೋಟೀನಿನ ಜೀನ್‌ನಲ್ಲಾದ ಮಾರ್ಪಾಡು ಕಾರಣವೆಂದು ಅಮೆರಿಕದ ಇನ್ನೊಂದು ತಂಡ ಪ್ರಕಟಿಸಿತು. ಹೀಗೆ ಬೇರೆ ಬೇರೆ ದಾರಿಗಳು ಒಂದೇ ಬೇಸಿಗೆಯಲ್ಲಿ ಕೂಡಿದ್ದಕ್ಕೆ ದೈವವೆಂಬ ಹೆಸರು ಒಪ್ಪದವರು ಯೋಗಾಯೋಗವೆನ್ನಬಹುದು. ಕರ್ತೃವಿನ ಇಚ್ಛೆಯೆನ್ನಲು ಮಾತ್ರ ಬಾರದು. ಇನ್ನು ಅಧಿಷ್ಠಾನವೆಂದರೆ ಶಂಕರಭಾಷ್ಯದ ಪ್ರಕಾರ ಶರೀರ. ಭಾಷ್ಯಕಾರರ ಮನಸ್ಸಿನಲ್ಲಿದ್ದುದು ಕರ್ತೃವಿನದೇ ಶರೀರ, ನಿಜ. ಆದರೆ ಇಲ್ಲಿ ಕೆಲಸಕ್ಕೆ ನೆಲೆಯಾದದ್ದು ನಡುಗುತ್ತ ಬದುಕಿ ತೀರಿಕೊಂಡ ರೋಗಿಗಳ ಮಿದುಳು. ಅವರಿಗೆ ಸೂಚಿಯಲ್ಲಿ ಅಂಕಣವೇ ಇಲ್ಲ.

ಗೀತೆಯ ಹೆಸರಿನಲ್ಲಿ ವಿಜ್ಞಾನಿಗಳಿಗೆ ಸಾಮಾನ್ಯವಾಗಿ ಕೊಡಲಾಗುವ ಉಪದೇಶ ಫಲಾಪೇಕ್ಷೆ ಬಿಡಬೇಕೆಂಬುದು. ಅದು ಅಗ್ಗದ ಉಪದೇಶ. ಉಲ್ಲೇಖಗಳ ಸಂಖ್ಯೆ ನೋಡಿಯೇ ನೇಮಕಾತಿಯೂ ಅನುದಾನವೂ ನಿರ್ಧಾರವಾಗುವ ಕಡೆ ಕಿರಿಯ ಸಂಶೋಧಕಿಗೆ ಅಂಕಿಯನ್ನು ಮರೆಯಿರಿ ಎಂದರೆ ಪ್ರಯೋಗಾಲಯವನ್ನೇ ಬಿಡಿ ಎಂದಂತಾಗುತ್ತದೆ. ಆಸೆಯನ್ನು ತೊರೆಯುವುದಕ್ಕಿಂತ ಎಣಿಕೆಯ ಹಿಂದಿರುವ ಕರ್ತೃತ್ವದ ಕಲ್ಪನೆಯನ್ನು ಪ್ರಶ್ನಿಸುವುದು ಹೆಚ್ಚು ಉಪಯುಕ್ತ, ಮತ್ತು ಗೀತೆಯ ಆ ಅಧ್ಯಾಯಕ್ಕೂ ಅದೇ ಹೆಚ್ಚು ನಿಷ್ಠ.

ಕರ್ತೃವನ್ನು ಐವರಲ್ಲಿ ಒಬ್ಬನನ್ನಾಗಿಸಿದರೆ ತಪ್ಪಿಗೆ ಹೊಣೆ ಯಾರು ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಮತ್ತು ಅದು ಹಗುರವಾದುದಲ್ಲ. ಅಲ್‌ಜೈಮರ್ ಕಾಯಿಲೆಯಲ್ಲಿ ನೆನಪು ಅಳಿಸುವುದಕ್ಕೆ ಅಮಿಲಾಯ್ಡ್ ಪ್ರೋಟೀನಿನ ಒಂದು ವಿಶಿಷ್ಟ ರೂಪ ಕಾರಣವಾಗಿರಬಹುದೆಂದು ವಾದಿಸಿದ 2006ರ ‘ನೇಚರ್’ ಪ್ರಬಂಧವೊಂದನ್ನು, ಅದರ ಚಿತ್ರಗಳನ್ನು ತಿದ್ದಿದ ಕುರುಹುಗಳು ಕಂಡುಬಂದದ್ದರಿಂದ, 2024ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅಷ್ಟರೊಳಗೆ ಅದು ಎರಡು ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿತ್ತು. ಚಿತ್ರ ತಿದ್ದುವುದು ದೈವದ ಕೆಲಸವಲ್ಲ. ಗೀತೆಯೂ ಕರ್ತೃವನ್ನು ಪಟ್ಟಿಯಿಂದ ತೆಗೆದುಹಾಕಿಲ್ಲ, ಉಳಿದ ನಾಲ್ಕರ ಜೊತೆಗೆ ನಿಲ್ಲಿಸಿದೆಯಷ್ಟೆ; ಆದ್ದರಿಂದ ಹೊಣೆ ಉಳಿಯುತ್ತದೆ, ಒಡೆತನ ಸಡಿಲವಾಗುತ್ತದೆ. ಸೂಚಿಯಲ್ಲಿ ಇದು ತಿರುವುಮುರುವಾಗಿದೆ: ಪ್ರಬಂಧ ಹಿಂದೆ ಹೋದ ಮೇಲೂ ಅದಕ್ಕೆ ಸಂದ ಉಲ್ಲೇಖಗಳು ದಾಖಲೆಯಲ್ಲಿ ಹಾಗೆಯೇ ಉಳಿದು, ಲೇಖಕರ ಹೆಸರಿಗೆ ಜಮೆಯಾಗಿಯೇ ಇರುತ್ತವೆ.