ಆಟಕ್ಕೆ ಕೊಟ್ಟ ದುಡ್ಡು, ಅಮ್ಮನಿಗೆ ಹಾಕಿದ ಕಾಸು

ದುಡ್ಡು ಕೈ ಬದಲಾದ ಮೇಲೆ ಕೊಟ್ಟವನಿಗೂ ಇಸಿದುಕೊಂಡವನಿಗೂ ನಡುವೆ ಏನು ಉಳಿಯುತ್ತದೆ? ಗೊರವನಹಳ್ಳಿಯಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡವನ ಎದುರಿಗೆ ಈ ಪ್ರಶ್ನೆ ದಿನಾ ಬಂದು ನಿಲ್ಲುತ್ತದೆ. ಮಹಾಲಕ್ಷ್ಮಿಯ ಊರು ನಮ್ಮದು. ಬರುವವರಲ್ಲಿ ಬಹಳ ಮಂದಿ ದುಡ್ಡಿನ ಕಷ್ಟ ಹೇಳಿಕೊಳ್ಳಲೆಂದೇ ಬರುತ್ತಾರೆ. ಸಾಲ ತೀರಲಿ, ಅಂಗಡಿ ಕುದುರಲಿ, ಮಗನಿಗೊಂದು ಕೆಲಸ ಆಗಲಿ. ಶುಕ್ರವಾರ ಡಾಬಸ್‌ಪೇಟೆ ಕಡೆಯಿಂದ ಕಾರುಗಳು, ಕೊರಟಗೆರೆ ಕಡೆಯಿಂದ ಬಸ್ಸು, ಆಟೋ. ನನ್ನ ಕೈಗೆ ಬಂದ ನೋಟು ತೆಂಗಿನಕಾಯಿ, ಬಾಳೆಹಣ್ಣು, ಹೂವು, ಊದುಬತ್ತಿಯಾಗಿ ಅವರ ಕೈ ಸೇರುತ್ತದೆ. ಅಲ್ಲಿಗೆ ನಮ್ಮಿಬ್ಬರ ಲೆಕ್ಕ ಚುಕ್ತಾ. ಅದೇ ಮನುಷ್ಯ ಒಳಗೆ ಹೋಗಿ ಮಂಗಳಾರತಿ ತಟ್ಟೆಗೆ ಹತ್ತು ರೂಪಾಯಿ ಹಾಕಿದರೆ ಅದು ಚುಕ್ತಾ ಆಗುವುದಿಲ್ಲ. ಮುಂದಿನ ಸಲ ಬಂದು "ಅಮ್ಮಾ, ನಡೆಸಿಕೊಟ್ಟೆ" ಎಂದು ಮಡಿಲಕ್ಕಿ ಕೊಡುತ್ತಾರೆ. ನಡೆಯದಿದ್ದರೆ ಮುನಿಸಿಕೊಳ್ಳುತ್ತಾರೆ. ಮುನಿಸಿಕೊಂಡೂ ಮತ್ತೆ ಬರುತ್ತಾರೆ. ಒಂದು ದುಡ್ಡು ಸಂಬಂಧವನ್ನು ಮುಗಿಸುತ್ತದೆ, ಇನ್ನೊಂದು ಶುರುಮಾಡುತ್ತದೆ. ನೋಟು ಎರಡೂ ಕಡೆ ಒಂದೇ.

ಈ ಮಾತನ್ನು ಫುಟ್‌ಬಾಲಿನ ಹತ್ತಿರ ತಂದು ನಿಲ್ಲಿಸಿದ್ದು ನನ್ನ ಮಗಳು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ, ಬೆಂಗಳೂರು ಎಫ್‌ಸಿ ಎಂದರೆ ಪ್ರಾಣ. 2013ರಲ್ಲಿ ಹುಟ್ಟಿದ ಕ್ಲಬ್ಬು ಅದು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಆಡುತ್ತ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, ಆಮೇಲೆ ಕಂಠೀರವಕ್ಕೆ ಬಂತು. 2016ರಲ್ಲಿ ಎಎಫ್‌ಸಿ ಕಪ್ಪಿನ ಫೈನಲ್ ತನಕ ಹೋಯಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮೊದಲು ಅಲ್ಲಿಯವರೆಗೆ ಹೋಗಿರಲಿಲ್ಲ. ಆದರೂ ಲೋಕದ ಫುಟ್‌ಬಾಲಿನಲ್ಲಿ, ಅಷ್ಟೇಕೆ, ಐಪಿಎಲ್ ನಡೆಯುವ ಊರಿನಲ್ಲಿಯೇ ಇದು ಸಣ್ಣ ಕ್ಲಬ್ಬು. ಮಗಳು ನನ್ನನ್ನು ಕಂಠೀರವಕ್ಕೆ ಕರೆದುಕೊಂಡು ಹೋಗಿ ವೆಸ್ಟ್ ಬ್ಲಾಕಿನಲ್ಲಿ ನಿಲ್ಲಿಸಿದಳು. ನಿಲ್ಲಿಸಿದಳು ಎಂದೇ ಹೇಳಬೇಕು. ವೆಸ್ಟ್ ಬ್ಲಾಕ್ ಬ್ಲೂಸ್ ಎನ್ನುವ ಆ ಗುಂಪಿನವರು ಆಟ ಮುಗಿಯುವ ತನಕ ಕೂರುವುದಿಲ್ಲ. ಡ್ರಮ್ಮು, ಬಾವುಟ, ಹಾಡು. ಗೋಲು ಬಿದ್ದರೂ ಹಾಡು, ಬಿಟ್ಟುಕೊಟ್ಟರೂ ಹಾಡು. ನನ್ನ ಪಕ್ಕದ ಹುಡುಗನೊಬ್ಬ ಮೈದಾನಕ್ಕೆ ಬೆನ್ನು ಹಾಕಿ ನಿಂತು ಉಳಿದವರಿಂದ ಹಾಡಿಸುತ್ತಿದ್ದ. ಅವನೂ ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದ, ಆಟವನ್ನು ಮಾತ್ರ ಅರ್ಧಕ್ಕರ್ಧ ನೋಡಲಿಲ್ಲ.

ಏನು ಕೊಂಡುಕೊಂಡ ಹಾಗಾಯಿತು ಅವನು? ನನಗೆ ಇದರ ಉತ್ತರ ನಮ್ಮ ಸೀಮೆಯ ನಾಟಕದಲ್ಲಿ ಸಿಗುತ್ತದೆ.

ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ, ಯಾವ ಕಡೆ ಹೋದರೂ ಸುಗ್ಗಿ ಕಳೆದ ಮೇಲೆ ಕುರುಕ್ಷೇತ್ರ ನಾಟಕ ಕಟ್ಟುವುದುಂಟು. ಇಲ್ಲಿ ನೋಡುವವರು ದುಡ್ಡು ಕೊಡುವುದಿಲ್ಲ, ಪಾರ್ಟು ಮಾಡುವವರು ಕೊಡುತ್ತಾರೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಕರ್ಣನಿಗೆ ಇಷ್ಟು ಎಂದು ಮೊದಲೇ ಗೊತ್ತುಮಾಡುತ್ತಾರೆ. ಆ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರಿಗೆ, ತಬಲದವರಿಗೆ, ಡ್ರಾಮಾ ಸೀನರಿಯ ಬಾಡಿಗೆಗೆ, ದ್ರೌಪದಿ ಕುಂತಿಯ ಪಾತ್ರಕ್ಕೆ ಕರೆಸುವ ಕಲಾವಿದೆಯರಿಗೆ ಹೋಗಬೇಕು. ನಾನು ಕರ್ಣನ ಪಾರ್ಟಿಗೆ ಕಟ್ಟಿದ್ದು ಆ ವರ್ಷ ರಾಗಿ ಮಾರಿ ಬಂದ ದುಡ್ಡು. ತಿಂಗಳುಗಟ್ಟಲೆ ರಾತ್ರಿ ಊಟ ಮುಗಿಸಿ ಪ್ರಾಕ್ಟೀಸು. ಮೇಷ್ಟ್ರು ಕಂದಪದ್ಯಕ್ಕೆ ಶ್ರುತಿ ಹಿಡಿಸುವಷ್ಟರಲ್ಲಿ ಹೊತ್ತು ಸರಿರಾತ್ರಿ.

ನಾಟಕದ ದಿನ ಕುಂತಿ ಬಂದು ಕರ್ಣನ ಮುಂದೆ ಸೆರಗೊಡ್ಡುವ ಸೀನು. ಐದು ಮಕ್ಕಳ ಪ್ರಾಣ ಬೇಡುತ್ತಾಳೆ. ಮುಂದೆ ಚಾಪೆ ಹಾಸಿಕೊಂಡು, ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಮುದುಕಿಯೊಬ್ಬಳು ಜೋರಾಗಿಯೇ ಕೂಗಿದಳು: "ಮಾತು ಕೊಡಬ್ಯಾಡ ಕಣಪ್ಪಾ, ಕೆಡ್ತೀಯ!" ಜನವೆಲ್ಲ ಸುಮ್ಮನಾಯಿತು. ನನ್ನ ಗಂಟಲು ಕಟ್ಟಿತು, ಆಮೇಲೆ ಹಾಡಿದ ಪದ್ಯ ಪ್ರಾಕ್ಟೀಸಿನಲ್ಲಿ ಒಂದು ದಿನವೂ ಹಾಗೆ ಬಂದಿರಲಿಲ್ಲ. ಅವಳು ಒಂದು ಕಾಸು ಕೊಟ್ಟವಳಲ್ಲ. ಪಕ್ಕದ ಹಳ್ಳಿಯಿಂದ ನಡೆದು ಬಂದು, ರಾತ್ರಿಯೆಲ್ಲ ನಿದ್ದೆಗೆಟ್ಟು ಕೂತವಳು. ಅವಳಿಲ್ಲದಿದ್ದರೆ ನಾನು ಕಟ್ಟಿದ ದುಡ್ಡು ಬಣ್ಣಕ್ಕೂ ಕಿರೀಟಕ್ಕೂ ಹೋದ ಖರ್ಚು, ಅಷ್ಟೇ. ಆ ರಾತ್ರಿ ಕರ್ಣನನ್ನು ಅರ್ಧ ಮಾಡಿದ್ದು ನಾನು, ಅರ್ಧ ಮಾಡಿದ್ದು ಆಕೆ.

ವೆಸ್ಟ್ ಬ್ಲಾಕಿನ ಹುಡುಗ ಟಿಕೆಟ್ ಕೊಂಡದ್ದು ಪಾರ್ಟಿಗೆ ದುಡ್ಡು ಕಟ್ಟಿದಂತೆ ಎಂದು ನಾನು ತಿಳಿದಿದ್ದೇನೆ. ಅವನು ಗಿರಾಕಿ ಅಲ್ಲ. ಅವನ ಕೂಗು ಆಟದೊಳಗಿನ ಸರಕು, ಆಟ ನೋಡಿದ್ದಕ್ಕೆ ಕೊಟ್ಟ ಮೆಚ್ಚುಗೆ ಮಾತ್ರವಲ್ಲ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು ಐದು ಗೋಲುಗಳಿಂದ ಸೋಲಿಸಿತು, ನಾಯಕ ಸುನಿಲ್ ಛೇತ್ರಿ ಒಬ್ಬರೇ ಮೂರು ಹೊಡೆದರು. ನೋಡಲು ಬಂದಿದ್ದವರು ಎರಡೂವರೆ ಸಾವಿರ ಚಿಲ್ಲರೆ ಜನ. ಮಾರನೆಯ ದಿನ ಛೇತ್ರಿ ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡರು: ಬನ್ನಿ, ಬೈಯುವುದಾದರೂ ಮೈದಾನಕ್ಕೇ ಬಂದು ಬೈಯಿರಿ. 4ನೇ ತಾರೀಖು ಕೀನ್ಯಾದ ಮೇಲಿನ ಆಟಕ್ಕೆ ಟಿಕೆಟ್ಟೆಲ್ಲ ಮುಗಿದು, ಮಳೆಯಲ್ಲಿ ನೆನೆದುಕೊಂಡೇ ಜನ ನೋಡಿದರು. ಅದು ಭಾರತದ ಪರ ಛೇತ್ರಿಯವರ ನೂರನೆಯ ಪಂದ್ಯ. ಆ ವಿಡಿಯೊವನ್ನು ಮಗಳು ತೋರಿಸಿದಾಗ ನನಗೆ ಅನ್ನಿಸಿದ್ದಿಷ್ಟು: ಐದು ಗೋಲುಗಳಿಂದ ಗೆದ್ದವನಿಗೂ ಏನೋ ಕಡಿಮೆಯಾಗಿದೆ, ಅದು ದುಡ್ಡಲ್ಲ. ಬೈಗುಳವನ್ನಾದರೂ ಕೊಡಿ ಎಂದು ಬೇಡುವವನು ಜನರ ಇರುವಿಕೆಯನ್ನೇ ಬೇಡುತ್ತಿದ್ದಾನೆ.

ಹಾಗಾದರೆ ಟಿಕೆಟ್ಟೇ ಬೇಡ, ಬಾಗಿಲು ತೆಗೆದುಬಿಡಿ ಎನ್ನಬಹುದು. ನಾನು ಹಾಗೆ ಹೇಳುವುದಿಲ್ಲ. ಕುಚೇಲ ದ್ವಾರಕೆಗೆ ಹೊರಟಾಗ ಮನೆಯಲ್ಲಿ ಏನೂ ಇರಲಿಲ್ಲ, ಆದರೂ ಹೆಂಡತಿ ಹಿಡಿ ಅವಲಕ್ಕಿ ಸಾಲ ತಂದು ಕಟ್ಟಿಕೊಟ್ಟಳು. ಕೃಷ್ಣನಿಗೆ ಅವಲಕ್ಕಿ ಬೇಕಾಗಿತ್ತು ಎಂದಲ್ಲ. ಗೆಳೆಯನ ಮನೆಗೆ ಬರಿಗೈಯಲ್ಲಿ ಹೋದರೆ ಕುಚೇಲ ಬೇಡುವವನಾಗುತ್ತಿದ್ದ. ಬಡವನಿಗೂ ಕೊಡುವ ಹಕ್ಕಿದೆ, ಅದನ್ನು ಕಸಿದುಕೊಂಡು ಪುಕ್ಕಟೆ ಒಳಗೆ ಬಿಡುವುದರಲ್ಲಿ ಒಂದು ಅವಮಾನ ಅಡಗಿದೆ. ಸಿದ್ಧಗಂಗೆಯ ಮಠದಲ್ಲಿ ಸಾವಿರಾರು ಮಕ್ಕಳು ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ, ಊಟಕ್ಕೆ ಚೀಟಿ ಇಲ್ಲ. ಆದರೆ ಆ ದಾಸೋಹ ಎಲ್ಲಿಂದ ನಡೆಯುತ್ತದೆ? ಸುತ್ತಲಿನ ಹಳ್ಳಿಗಳ ರೈತರು ರಾಗಿ, ಅಕ್ಕಿ, ತೆಂಗಿನಕಾಯಿ, ತರಕಾರಿ ತಂದು ಒಪ್ಪಿಸಿ ಹೋಗುತ್ತಾರೆ. 2019ರ ಜನವರಿಯಲ್ಲಿ ಆ ಮಠದ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದಾಗ ತುಮಕೂರಿನ ರಸ್ತೆಗಳಲ್ಲಿ ನಿಂತಿದ್ದ ಜನರಲ್ಲಿ ಉಂಡವರೂ ಇದ್ದರು, ಕೊಟ್ಟವರೂ ಇದ್ದರು, ಎರಡನ್ನೂ ಮಾಡಿದವರೇ ಹೆಚ್ಚು ಎಂದು ನನ್ನ ನಂಬಿಕೆ. ಶರಣರು ದಾಸೋಹವನ್ನು ಕಾಯಕದ ಜೊತೆ ಕಟ್ಟಿದ್ದರಲ್ಲಿ ಈ ಅರಿವಿತ್ತು. ದುಡಿದವನು ಕೊಡುತ್ತಾನೆ, ಕೊಟ್ಟವನೂ ಅದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ.

ಆದ್ದರಿಂದ ಸಣ್ಣ ಕ್ಲಬ್ಬಿನ ಟಿಕೆಟ್ಟಿಗೆ ಬೆಲೆ ಇರಲಿ. ಆದರೆ ಎಷ್ಟು, ಯಾತಕ್ಕೆ ಎನ್ನುವುದರಲ್ಲಿ ಧರ್ಮಸೂಕ್ಷ್ಮ ಇದೆ. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನ ಉಂಟು. ಅಷ್ಟು ಜನ ಸೇರುವಲ್ಲಿ ವ್ಯವಸ್ಥೆಗೆ ಅದು ಬೇಕಾಗಬಹುದು, ಆ ವಾದವನ್ನು ನಾನು ಹಗುರ ಮಾಡುವುದಿಲ್ಲ. ಆದರೂ ದುಡ್ಡಿನವರ ಸಾಲೊಂದು, ದುಡ್ಡಿಲ್ಲದವರ ಸಾಲೊಂದು ಆದ ಕೂಡಲೇ ಎರಡು ಸಾಲಿನವರೂ ಪರಸ್ಪರ ಮುಖ ನೋಡುವುದನ್ನು ಬಿಡುತ್ತಾರೆ. ಧರ್ಮದರ್ಶನದ ಸಾಲಿನಲ್ಲಿ ಮುಂದಿನವಳ ಮಗುವನ್ನು ಹಿಂದಿನವಳು ಎತ್ತಿಕೊಳ್ಳುತ್ತಾಳೆ, ನೀರಿನ ಬಾಟಲಿ ಕೈಯಿಂದ ಕೈಗೆ ಹೋಗುತ್ತದೆ. ಭಕ್ತಿಯ ಅರ್ಧ ಕೆಲಸ ಅಲ್ಲೇ ಆಗುತ್ತದೆ. ಆಟದ ಮೈದಾನದಲ್ಲೂ ಹಾಡುವವರು ನಿಲ್ಲುವ ಜಾಗ ಎಲ್ಲಕ್ಕಿಂತ ಅಗ್ಗವಾಗಿರಬೇಕು, ಅಲ್ಲಿ ಒಂದೇ ದರ ಇರಬೇಕು. ಜರ್ಮನಿಯ ಡಾರ್ಟ್‌ಮುಂಡಿನಲ್ಲಿ ಗೋಲಿನ ಹಿಂದೆ ಸುಮಾರು 25,000 ಜನ ನಿಂತು ನೋಡುತ್ತಾರೆ, ಅದು ಅಗ್ಗದ ಜಾಗ, ಆ ಕ್ಲಬ್ಬಿಗೆ ಲೋಕದಲ್ಲಿ ಹೆಸರು ಬಂದಿರುವುದೂ ಅದೇ ಗೋಡೆಯಂಥ ಜನದಿಂದ. ಅಲ್ಲಿನ ಲೀಗಿನ ನಿಯಮದಂತೆ, ಒಂದೆರಡು ಕ್ಲಬ್ಬು ಬಿಟ್ಟರೆ, ಕ್ಲಬ್ಬಿನ ಮತದಲ್ಲಿ ಹೆಚ್ಚಿನ ಪಾಲು ಸದಸ್ಯರ ಕೈಯಲ್ಲೇ ಇರಬೇಕು.

ದುಡ್ಡನ್ನು ಎಲ್ಲಿಯವರೆಗೆ ಎಳೆಯಬಹುದು ಎನ್ನುವುದು ಇಂಗ್ಲೆಂಡಿನ ಲಿವರ್‌ಪೂಲ್‌ನವರಿಗೆ ಒಂದು ಮಧ್ಯಾಹ್ನ ತಿಳಿಯಿತು. 2016ರ ಫೆಬ್ರುವರಿ 6. ಮುಂದಿನ ಸೀಸನ್ನಿನಿಂದ ಕೆಲವು ಟಿಕೆಟ್ಟಿಗೆ 77 ಪೌಂಡು ಎಂದು ಕ್ಲಬ್ಬು ಹೇಳಿತ್ತು. 77ನೇ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಜನ ಎದ್ದು ಹೊರಗೆ ನಡೆದರು. ಆಗ ಅವರ ತಂಡ ಎರಡು ಗೋಲು ಮುಂದಿತ್ತು. ಆಟ ಮುಗಿದಾಗ ಸಂಡರ್ಲೆಂಡ್ ಎರಡನ್ನೂ ತೀರಿಸಿ ಸಮ ಮಾಡಿಕೊಂಡಿತ್ತು. ಜನ ಹೋದದ್ದಕ್ಕೇ ಹಾಗಾಯಿತು ಎಂದು ನಾನು ಹೇಳಲಾರೆ. ಆದರೆ ಕೆಲವೇ ದಿನಗಳಲ್ಲಿ ಕ್ಲಬ್ಬು ಆ ದರವನ್ನು ಹಿಂದಕ್ಕೆ ತೆಗೆದುಕೊಂಡಿತು.

ನಮ್ಮ ದೇಶದ ಕಷ್ಟ ಬೇರೆ. ಇಲ್ಲಿ ಟಿಕೆಟ್ ದುಡ್ಡಿನಲ್ಲಿ ಯಾವ ಕ್ಲಬ್ಬೂ ನಡೆಯುವುದಿಲ್ಲ, ಹಿಂದೆ ಒಂದು ಕಂಪನಿ ಇರಬೇಕು. ಬೆಂಗಳೂರಿಗೆ ಜೆಎಸ್‌ಡಬ್ಲ್ಯು ಇದೆ, ಅದು ದುಡ್ಡು ಹಾಕುತ್ತಿರುವುದರಿಂದಲೇ ಮಗಳು ಹಾಡುತ್ತಿದ್ದಾಳೆ, ಆ ಋಣ ಒಪ್ಪಿಕೊಳ್ಳಬೇಕು. ಆದರೆ 2010ರಲ್ಲಿ ಮಹೀಂದ್ರಾ ಯುನೈಟೆಡ್, 2011ರಲ್ಲಿ ಪಂಜಾಬಿನ ಜೆಸಿಟಿ, ಎರಡೂ ದೊಡ್ಡ ಹೆಸರಿನ ತಂಡಗಳು, ಮಾಲೀಕರ ತೀರ್ಮಾನದಿಂದ ಮುಚ್ಚಿಹೋದವು. ಅವುಗಳಿಗಾಗಿ ಗಂಟಲು ಹರಿದುಕೊಂಡವರನ್ನು ಕರೆದು ಲೆಕ್ಕ ಒಪ್ಪಿಸಬೇಕೆಂಬ ಕಟ್ಟಳೆ ಎಲ್ಲೂ ಇರಲಿಲ್ಲ. ನಮ್ಮಲ್ಲಿ ನಾಟಕ ಮುಗಿದ ಮೇಲೆ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಬಂದದ್ದೆಷ್ಟು, ಹೋದದ್ದೆಷ್ಟು, ಮೇಷ್ಟ್ರಿಗೆ ಬಾಕಿ ಎಷ್ಟು ಎಂದು ಎಲ್ಲರ ಮುಂದೆ ಓದುತ್ತಾರೆ. ಪೆಟ್ರೋಮ್ಯಾಕ್ಸ್ ಕಾಲದಿಂದಲೂ ಹೀಗೇ. ಒಂದು ಕಾಸೂ ಕೊಡದವನೂ ನಿಂತು ಕೇಳುತ್ತಾನೆ, ಪ್ರಶ್ನೆ ಹಾಕುತ್ತಾನೆ.

ದುಡ್ಡು ಹಿಂದೆ ಸರಿದ ಮೇಲೆ ಉಳಿಯುವುದು ಏನು ಎಂಬುದಕ್ಕೆ ನನಗೆ ಗೊತ್ತಿರುವ ಎರಡು ಉದಾಹರಣೆಗಳಿವೆ, ಒಂದು ದೂರದ್ದು, ಒಂದು ನನ್ನ ಅಂಗಡಿಯ ಎದುರಿನದು. 2002ರಲ್ಲಿ ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಬೇರೆ ಊರಿಗೆ ಒಯ್ಯಲು ಮಾಲೀಕರಿಗೆ ಒಪ್ಪಿಗೆ ಸಿಕ್ಕಿತು. ಅಭಿಮಾನಿಗಳು ತಾವೇ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ಬು ಕಟ್ಟಿ, ಊರ ಬಯಲಿನಲ್ಲಿ ಆಟಗಾರರನ್ನು ಆರಿಸಿ, ತೀರಾ ಕೆಳಗಿನ ಲೀಗಿನಿಂದ ಶುರುಮಾಡಿದರು. 2011ಕ್ಕೆ ವೃತ್ತಿಪರ ಲೀಗಿಗೆ ಏರಿದರು, 2020ರಲ್ಲಿ ತಮ್ಮ ಹಳೆಯ ಬೀದಿ ಪ್ಲೋ ಲೇನಿಗೆ ಮರಳಿದರು. ನಮ್ಮ ಗುಡಿಯೂ ಒಂದು ಕಾಲಕ್ಕೆ ಪೂಜೆಗೆ ದಿಕ್ಕಿಲ್ಲದೆ ಬಿದ್ದಿತ್ತು. 1952ರಲ್ಲಿ ಊರಿಗೆ ಮರಳಿ ಬಂದ ಕಮಲಮ್ಮನವರು ದೀಪ ಹಚ್ಚುತ್ತ ಅದನ್ನು ಎತ್ತಿ ನಿಲ್ಲಿಸಿದರು ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಆಗ ಸಾಲು ಇರಲಿಲ್ಲ, ಹುಂಡಿ ತುಂಬುತ್ತಿರಲಿಲ್ಲ, ನನ್ನಂಥವರ ಅಂಗಡಿಯೂ ಇರಲಿಲ್ಲ. ಇಂದು ಕಾರ್ತಿಕದ ಲಕ್ಷದೀಪೋತ್ಸವಕ್ಕೆ ನಿಲ್ಲಲು ಜಾಗವಿಲ್ಲದಷ್ಟು ಸೇರುವ ಜನ ಆಕೆಯ ಹಿಂದೆ ಬಂದವರು. ಸಿರಿಯ ದೇವತೆಯ ಗುಡಿ ಸಿರಿಯಿಲ್ಲದ ಕಾಲದಲ್ಲಿ ಒಬ್ಬ ಹೆಂಗಸಿನ ಹಟದಿಂದ ಉಳಿಯಿತು. ಭಕ್ತಿಗೆ ಬೆಲೆ ಎಷ್ಟು ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮಗಳು ನಾನು ಹೇಳಿದ್ದನ್ನೆಲ್ಲ ಒಪ್ಪುತ್ತಾಳೆ, ಆದರೆ ಟಿಕೆಟ್ ದರದ ಬಗ್ಗೆ ನಾನು ಎತ್ತುವ ಇನ್ನೊಂದು ಮಾತಿಗೆ ಸುಮ್ಮನಾಗುತ್ತಾಳೆ. ಕೊರಟಗೆರೆಯ ಹುಡುಗರಿಗೆ ಟಿಕೆಟ್ಟಿನ ಬೆಲೆ ಟಿಕೆಟ್ಟಿನ ಮೇಲೆ ಬರೆದಷ್ಟೇ ಅಲ್ಲ. ಆಟ ಶುರುವಾಗುವುದು ಹೆಚ್ಚಾಗಿ ರಾತ್ರಿ ಏಳೂವರೆಗೆ, ಟಿವಿಯಲ್ಲಿ ನೋಡುವವರ ಅನುಕೂಲಕ್ಕೆ. ಮುಗಿಯುವಾಗ ಒಂಬತ್ತೂವರೆ. ಮೆಜೆಸ್ಟಿಕ್ಕಿಗೆ ಹೋಗುವಷ್ಟರಲ್ಲಿ ನಮ್ಮ ಕಡೆಯ ಬಸ್ಸು ಸಿಗುವ ಭರವಸೆಯಿಲ್ಲ. ತುಮಕೂರಿನ ತನಕ ಬಂದು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬೆಳಗು ಮಾಡಬೇಕು. ಕೂಲಿ ಒಂದು ದಿನದ್ದು ಹೋಯಿತು. ಕಬಡ್ಡಿ, ವಾಲಿಬಾಲ್ ಆಡಿ ಬೆಳೆದ ಈ ಹುಡುಗರಿಗೆ ಫುಟ್‌ಬಾಲ್ ಹೊಸದು. ಮೊಬೈಲಿನಲ್ಲಿ ಮೆಸ್ಸಿಯನ್ನು ನೋಡಿ, ರಾಗಿ ಕುಯ್ದ ಹೊಲದಲ್ಲಿ ಚೆಂಡು ಒದೆಯುತ್ತಾರೆ. ಹತ್ತಿರದಲ್ಲೇ ಇರುವ ಕ್ಲಬ್ಬನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ವರ್ಷಕ್ಕೆ ಒಂದಾದರೂ ಆಟವನ್ನು ಭಾನುವಾರ ಮಧ್ಯಾಹ್ನಕ್ಕೆ ಇಡಿ, ಜಿಲ್ಲೆಗಳ ಮಕ್ಕಳಿಗೆ ಐದು ರೂಪಾಯಿಯ ಟಿಕೆಟ್ ಮಾಡಿ, ಪುಕ್ಕಟೆ ಮಾತ್ರ ಬೇಡ ಎಂದು ಕ್ಲಬ್ಬಿಗೆ ಕಾಗದ ಬರೆದಿದ್ದೇನೆ. ಅಂದು ಅಂಗಡಿಯನ್ನು ಮನೆಯವಳಿಗೆ ಒಪ್ಪಿಸಿ, ಹುಡುಗರನ್ನು ಬೆಳಗಿನ ಬಸ್ಸಿಗೆ ನಾನೇ ಹತ್ತಿಸಿಕೊಂಡು ಹೋಗುತ್ತೇನೆ. ಐದು ರೂಪಾಯಿ ಅವರವರೇ ತರಬೇಕು.