ಸೀರಿಯಲ್ ತಂತಿಯ ಮೇಲೆ ವಿಧಿವಾಕ್ಯ

ಮೈಕ್ರೊಫೋನಿನಿಂದ ಬರುವ ಏರಿಳಿತದ ವಿದ್ಯುತ್ತನ್ನು ಅಂಕಿಗಳ ಸಾಲಾಗಿಸುವುದು, ಅಂಕಿಗಳನ್ನು ಮತ್ತೆ ವಿದ್ಯುತ್ತಾಗಿಸಿ ಸ್ಪೀಕರಿನತ್ತ ಕಳಿಸುವುದು ಧ್ವನಿ ಪರಿವರ್ತಕದ ಕೆಲಸ. ಸ್ಟುಡಿಯೊ ಮತ್ತು ಪ್ರಸಾರ ಕೇಂದ್ರಗಳಲ್ಲಿ ಬಳಸುವ ಇಂಥ ಕೆಲವು ಯಂತ್ರಗಳ ಮುಂಭಾಗದಲ್ಲಿ ಗುಂಡಿಗಳೇ ಇರುವುದಿಲ್ಲ. ಹಿಂಬದಿಯಲ್ಲಿ ಒಂದು ಸೀರಿಯಲ್ ಪೋರ್ಟ್ ಇರುತ್ತದೆ. ಅದಕ್ಕೆ ಕೇಬಲ್ ಜೋಡಿಸಿ, ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಒಂದು ಸಾಲು ಟೈಪಿಸಿ ಎಂಟರ್ ಒತ್ತಿದರೆ ಸೆಕೆಂಡಿಗೆ ಎಷ್ಟು ಮಾದರಿ ತೆಗೆಯಬೇಕೆಂಬ ಸ್ಯಾಂಪಲ್ ದರ 44,100ರಿಂದ 48,000ಕ್ಕೆ ಬದಲಾಗುತ್ತದೆ. ಟೈಪಿಸಿದ್ದು ಆಜ್ಞಾರೂಪದ ಒಂದು ಸಾಲು, ನಡೆದದ್ದು ಒಂದು ಕೆಲಸ. ಮಾತಿನಿಂದ ಕೆಲಸ ಹುಟ್ಟುವುದು ಹೇಗೆ, ಆಜ್ಞೆಯ ಬಲ ಇರುವುದು ಹೇಳುವವನಲ್ಲೋ ಕೇಳುವವನಲ್ಲೋ ಮಾತಿನಲ್ಲೋ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳಲ್ಲಿ ಪೂರ್ವಮೀಮಾಂಸೆಯಷ್ಟು ಹಟ ಹಿಡಿದು ಕೆದಕಿದ ದರ್ಶನ ಇನ್ನೊಂದಿಲ್ಲ.

ಕಾರಣವೂ ಸ್ಪಷ್ಟ. ಜೈಮಿನಿಯ ಸೂತ್ರಗಳಲ್ಲಿ ಧರ್ಮಕ್ಕೆ ಕೊಟ್ಟ ಲಕ್ಷಣವೇ ಪ್ರೇರಣೆಯ ವಾಕ್ಯವನ್ನು ಆಧರಿಸಿದೆ. ಆ ವಾಕ್ಯ ವೇದದ್ದು, ವೇದವಾದರೋ ಮೀಮಾಂಸಕರ ಪಾಲಿಗೆ ಅಪೌರುಷೇಯ. ಹೇಳುವವನೇ ಇಲ್ಲದ ಮಾತು ಕೇಳುವವನನ್ನು ಕೆಲಸಕ್ಕೆ ಹಚ್ಚಬೇಕು. ಯಜಮಾನನು ಆಳಿಗೆ ಹಸುವನ್ನು ತಾ ಎಂದರೆ ಅಲ್ಲಿ ಯಜಮಾನನ ಇಂಗಿತವಿದೆ, ಅದೇ ಪ್ರೇರಣೆ ಎನ್ನಬಹುದು. ವೇದದಲ್ಲಿ ಅಂಥ ಯಜಮಾನನಿಲ್ಲ. ಆದ್ದರಿಂದ ಕುಮಾರಿಲ ಭಟ್ಟನ ಪರಂಪರೆ ಆ ಪ್ರೇರಕ ವ್ಯಾಪಾರವನ್ನು ಕ್ರಿಯಾಪದದ ವಿಧ್ಯರ್ಥಕ ಪ್ರತ್ಯಯದಲ್ಲೇ ಇಟ್ಟಿತು. ಅದಕ್ಕೆ ಶಾಬ್ದೀ ಭಾವನೆ ಎಂದು ಹೆಸರು. ಪ್ರಭಾಕರನ ಅನುಯಾಯಿಗಳಾದ ಪ್ರಾಭಾಕರರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಆಜ್ಞೆಯಿಂದ ತಿಳಿಯುವುದು ಮಾಡಲೇಬೇಕಾದದ್ದು ಒಂದಿದೆ ಎಂಬುದು, ಅದೇ ನಿಯೋಗ. ಫಲದ ಆಸೆ ತೋರಿಸದೆಯೂ ಅದು ಬಂಧಿಸುತ್ತದೆ. ಮಂಡನ ಮಿಶ್ರನು ವಿಧಿವಿವೇಕದಲ್ಲಿ ಮೂರನೆಯ ದಾರಿ ಹಿಡಿದ: ವಿಧಿಯು ಕೇಳುವವನಿಗೆ ತಿಳಿಸುವುದು ಇಷ್ಟೇ, ಈ ಕೆಲಸ ನಿನಗೆ ಬೇಕಾದುದರ ಸಾಧನ, ಉಳಿದದ್ದನ್ನು ಅವನ ಬಯಕೆಯೇ ನೋಡಿಕೊಳ್ಳುತ್ತದೆ.

ಪರಿವರ್ತಕವನ್ನು ಈ ಮೂರು ಮತಗಳ ಎದುರು ಇಟ್ಟು ನೋಡಿದರೆ ಮೊದಲ ನೋಟಕ್ಕೆ ಗೆಲ್ಲುವವರು ಭಾಟ್ಟರು, ಅಂದರೆ ಕುಮಾರಿಲನ ಪರಂಪರೆಯವರು. ಯಂತ್ರಕ್ಕೆ ಬಯಕೆಯಿಲ್ಲ, ಹಾಗಾಗಿ ಮಂಡನನ ಇಷ್ಟಸಾಧನತೆಗೆ ಅಲ್ಲಿ ಜಾಗವಿಲ್ಲ. ಕರ್ತವ್ಯಬುದ್ಧಿಯೂ ಇಲ್ಲ, ಪ್ರಾಭಾಕರರ ನಿಯೋಗ ನಾಟುವುದು ಎಲ್ಲಿ? ಹೇಳುವವನೂ ಎದುರಿಗಿರಬೇಕಾಗಿಲ್ಲ. ರಾತ್ರಿ ಮೂರು ಗಂಟೆಗೆ ಓಡುವಂತೆ ಇಟ್ಟ ಸ್ಕ್ರಿಪ್ಟೊಂದು ಅದೇ ಸಾಲನ್ನು ಕಳಿಸಿದರೂ ದರ ಬದಲಾಗುತ್ತದೆ. ಮಾತೇ ತನ್ನಷ್ಟಕ್ಕೆ ಕೆಲಸ ಮಾಡಿಸಿದಂತೆ ಕಾಣುತ್ತದೆ.

ಆದರೆ ಈ ಗೆಲುವು ತೋರಿಕೆಯದು. ಕುಮಾರಿಲನ ಪ್ರೇರಣೆಯೂ ಭಾಷೆ ಬಲ್ಲವನಿಗಷ್ಟೇ ತಾಗುವಂಥದ್ದು. ಅರ್ಥ ತಿಳಿಯದವನ ಕಿವಿಗೆ ಬಿದ್ದ ವಿಧಿ ಬರಿಯ ಸದ್ದು. ಪರಿವರ್ತಕದೊಳಗಿನ ಪ್ರೊಸೆಸರ್ ಬಂದ ಅಕ್ಷರಗಳನ್ನು ತನ್ನ ಪಟ್ಟಿಯೊಡನೆ ಹೋಲಿಸುತ್ತದೆ, ಹೊಂದಿದರೆ ಒಂದು ರಿಜಿಸ್ಟರಿಗೆ ಒಂದು ಅಂಕಿ ಬರೆಯುತ್ತದೆ, ಅಷ್ಟೆ. ಒಂದೇ ಅಕ್ಷರದ ಆಜ್ಞೆಗಳನ್ನು ಸ್ವೀಕರಿಸುವ ಯಂತ್ರವೊಂದಿದೆ ಎನ್ನೋಣ. ಪಕ್ಕದಲ್ಲಿ ದೊಡ್ಡ ಮೋಟಾರು ಶುರುವಾದಾಗ ತಂತಿಯಲ್ಲಿ ಎದ್ದ ಕಂಪನ ಆ ಅಕ್ಷರದ ಆಕಾರವನ್ನೇ ತಾಳಿಬಿಟ್ಟರೆ ಧ್ವನಿ ಮ್ಯೂಟ್ ಆಗುತ್ತದೆ. ಅಲ್ಲಿ ಯಾರೂ ಆಜ್ಞೆ ಮಾಡಿಲ್ಲ, ಆದರೂ ಕೆಲಸವಾಗಿದೆ. ಆಜ್ಞೆ ಇಲ್ಲದೆಯೂ ಬರುವ ಪರಿಣಾಮವನ್ನು ವಿಧೇಯತೆ ಎನ್ನುವುದು ಕಷ್ಟ. ಯಂತ್ರ ಹೇಳಿದ ಮಾತು ಕೇಳಿತು ಎನ್ನುವುದು ಆಡುಮಾತಿಗೆ ಸರಿ, ತತ್ತ್ವಕ್ಕಲ್ಲ.

ಹಾಗಾದರೆ ಆ ಸಾಲು ಏನು? ಉತ್ತರ ಭಾಟ್ಟರ ಇನ್ನೊಂದು ವಿಶ್ಲೇಷಣೆಯಲ್ಲೇ ಇದೆ. ಯಾವುದೇ ವಿಧಿಯನ್ನು ಕೇಳಿದ ಪುರುಷನ ಪ್ರಯತ್ನಕ್ಕೆ ಅವರು ಆರ್ಥೀ ಭಾವನೆ ಎನ್ನುತ್ತಾರೆ. ಅದಕ್ಕೆ ಮೂರು ಅಂಶಗಳು: ಏನನ್ನು ಸಾಧಿಸಬೇಕು, ಯಾವುದರಿಂದ, ಹೇಗೆ. ನಾಳೆಯ ರೆಕಾರ್ಡಿಂಗ್ 48 ಕಿಲೊಹರ್ಟ್ಸ್‌ನಲ್ಲಿ ಆಗಬೇಕು ಎಂದು ಸ್ಟುಡಿಯೊದ ಹಿರಿಯರು ತಂತ್ರಜ್ಞನಿಗೆ ಹೇಳಿದರೆ ವಿಧಿ ಅದು. ಕೇಳಿ, ಅದು ತನಗೇ ಹೇಳಿದ್ದೆಂದು ತಿಳಿದ ನಿಯೋಜ್ಯನು ಆ ತಂತ್ರಜ್ಞ. ಸಾಧ್ಯ 48,000. ಕರಣ, ಟೈಪಿಸಿದ ಸಾಲು. ಕೇಬಲ್, ವೇಗ, ಸಾಲಿನ ಕೊನೆಯಲ್ಲಿ ಕ್ಯಾರಿಯೇಜ್ ರಿಟರ್ನ್ ಹಾಕಬೇಕೋ ಲೈನ್‌ಫೀಡೋ ಎಂಬ ತಕರಾರು, ಇವೆಲ್ಲ ಇತಿಕರ್ತವ್ಯತೆ. (ಕೊನೆಯದನ್ನು ಹಗುರವಾಗಿ ಎಣಿಸುವಂತಿಲ್ಲ, ಆಜ್ಞೆ ಅಕ್ಷರಶಃ ಸರಿಯಿದ್ದು ಸಾಲಿನ ಅಂತ್ಯ ತಪ್ಪಿದರೆ ಯಂತ್ರ ಸುಮ್ಮನೆ ಕಾಯುತ್ತಲೇ ಇರುತ್ತದೆ.) ಪರದೆಯ ಮೇಲಿನ ಸಾಲು ಆಜ್ಞೆಯ ರೂಪದಲ್ಲಿದ್ದರೂ ಕೂರುವುದು ಕರಣದ ಜಾಗದಲ್ಲಿ.

ಕರಣವೇ ಆಗಿದ್ದರೂ ಅದು ಅಕ್ಷರಗಳಿಂದಾದ ಕರಣ. ಸುತ್ತಿಗೆಯ ಹಾಗೆ ತನ್ನ ತೂಕದಿಂದ ಕೆಲಸ ಮಾಡುವುದಿಲ್ಲ. ಅಕ್ಷರಗಳಿಗೂ ಅವು ಸೂಚಿಸುವ ಕೆಲಸಕ್ಕೂ ನಡುವೆ ಒಂದು ಸಂಬಂಧ ಮೊದಲೇ ಇರಬೇಕು. ಶಬ್ದಾರ್ಥ ಸಂಬಂಧದ ಹಳೆಯ ಜಗಳ ಇಲ್ಲಿ ಕಣ್ಣಿಗೆ ಕಾಣುವಂತೆ ಎದುರಾಗುತ್ತದೆ. ನ್ಯಾಯದರ್ಶನದವರಾದ ನೈಯಾಯಿಕರಿಗೆ ಆ ಸಂಬಂಧ ಸಂಕೇತ, ಅಂದರೆ ಮಾಡಿಕೊಂಡ ಒಪ್ಪಂದ. ಮೀಮಾಂಸಕರಿಗೆ ಅದು ಯಾರೂ ಮಾಡದ, ಹುಟ್ಟಿನಿಂದಲೇ ಬಂದ ನಂಟು. ಒಪ್ಪಂದವಾದಕ್ಕೆ ಅವರ ಆಕ್ಷೇಪ ಹರಿತವಾದದ್ದು: ಮೊದಲ ಸಂಕೇತ ಮಾಡಿದವನು ಅದನ್ನು ಇನ್ನೊಬ್ಬನಿಗೆ ತಿಳಿಸಿದ್ದು ಯಾವ ಶಬ್ದಗಳಿಂದ? ಆ ಶಬ್ದಗಳಿಗೆ ಅರ್ಥ ಮೊದಲೇ ಇದ್ದಿರಬೇಕಲ್ಲ?

ಈ ಆಕ್ಷೇಪ ಸೀರಿಯಲ್ ತಂತಿಯಲ್ಲಿ ದಿನವೂ ಎದುರಾಗುತ್ತದೆ. 1960ರಲ್ಲಿ ಮೊದಲು ಹೊರಬಂದ ಆರ್‌ಎಸ್-232 ಮಾನಕವನ್ನು ಬಳಸುವ ಸಾಮಾನ್ಯ ಜೋಡಣೆಯಲ್ಲಿ ಅಕ್ಷರಗಳು ಹೋಗುತ್ತವೆ, ಗಡಿಯಾರ ಹೋಗುವುದಿಲ್ಲ. ಮಾತಿಲ್ಲದಾಗ ತಂತಿ ಋಣ ವೋಲ್ಟೇಜಿನಲ್ಲಿರುತ್ತದೆ. ಧನಕ್ಕೆ ಜಿಗಿದರೆ ಅದು ಸ್ಟಾರ್ಟ್ ಬಿಟ್, ಅಕ್ಷರ ಬರುತ್ತಿದೆಯೆಂಬ ಸೂಚನೆ. ಅಲ್ಲಿಂದ ಮುಂದೆ ಕೇಳುವ ಯಂತ್ರ ತನ್ನದೇ ಗಡಿಯಾರದಿಂದ ಎಣಿಸಿಕೊಂಡು ಪ್ರತಿ ಬಿಟ್ಟಿನ ನಡುಮಧ್ಯದಲ್ಲಿ ವೋಲ್ಟೇಜ್ ನೋಡಬೇಕು. ಸೆಕೆಂಡಿಗೆ 9600 ಬಿಟ್ಟುಗಳ ವೇಗದಲ್ಲಿ ಒಂದು ಬಿಟ್ಟಿನ ಅವಧಿ ಸುಮಾರು 104 ಮೈಕ್ರೊಸೆಕೆಂಡು. ಒಂದು ಸ್ಟಾರ್ಟ್, ಎಂಟು ದತ್ತಾಂಶ, ಒಂದು ಸ್ಟಾಪ್, ಹೀಗೆ ಹತ್ತು ಬಿಟ್ಟುಗಳಿಗೆ ಒಂದು ಅಕ್ಷರ. ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ. ಎರಡು ಗಡಿಯಾರಗಳ ನಡುವಿನ ವ್ಯತ್ಯಾಸ ಶೇಕಡಾ 5ರ ಸಮೀಪಕ್ಕೆ ಬಂದರೆ ಹತ್ತನೆಯ ಬಿಟ್ಟಿನ ಹೊತ್ತಿಗೆ ಅರ್ಧ ಬಿಟ್ಟಿನಷ್ಟು ಜಾರಿರುತ್ತದೆ, ಓದು ಕೆಡುತ್ತದೆ. ಒಂದು ಕಡೆ 9600, ಇನ್ನೊಂದು ಕಡೆ 19200 ಇದ್ದರಂತೂ ಪರದೆಯ ಮೇಲೆ ಬರೀ ಕಸ. ಲಿನಕ್ಸ್‌ನಲ್ಲಿ ಎಸ್‌ಟಿಟಿವೈ ಎಂಬ ಆದೇಶದಿಂದ ವೇಗ ಹೊಂದಿಸುತ್ತಾರೆ. ಆದರೆ ಆ ಆದೇಶ ಪರಿವರ್ತಕಕ್ಕೆ ಏನನ್ನೂ ಹೇಳುವುದಿಲ್ಲ. ಕಂಪ್ಯೂಟರ್ ತನ್ನ ಕಿವಿ-ಬಾಯಿಗಳನ್ನಷ್ಟೇ ತಿದ್ದಿಕೊಳ್ಳುತ್ತದೆ.

ನಾವು 9600ರಲ್ಲಿ ಮಾತಾಡೋಣ ಎಂದು ಆ ತಂತಿಯ ಮೇಲೆಯೇ ಹೇಳುವ ಉಪಾಯವಿಲ್ಲ, ಏಕೆಂದರೆ ಹಾಗೆ ಹೇಳಿದ್ದು ತಿಳಿಯಬೇಕಾದರೆ ವೇಗ ಮೊದಲೇ ಗೊತ್ತಿರಬೇಕು. ಇದ್ದ ವೇಗವನ್ನು ಬದಲಿಸುವ ಆಜ್ಞೆಯಲ್ಲಿ ತೊಡಕು ಇನ್ನೂ ಸೂಕ್ಷ್ಮವಾಗುತ್ತದೆ. 9600ರಲ್ಲಿರುವ ಯಂತ್ರಕ್ಕೆ 115200ಕ್ಕೆ ಹೋಗು ಎಂದು ಕಳಿಸಿದರೆ ಆಯಿತು ಎಂಬ ಉತ್ತರ ಬರುವುದು ಹಳೆಯ ವೇಗದಲ್ಲೋ ಹೊಸದರಲ್ಲೋ? ಕೆಲವು ಯಂತ್ರಗಳು ಉತ್ತರಿಸಿ ಬದಲಾಗುತ್ತವೆ, ಕೆಲವು ಬದಲಾಗಿ ಉತ್ತರಿಸುತ್ತವೆ. ಯಾವುದು ಯಾವ ಜಾತಿಯದೆಂದು ತಂತಿಯಿಂದ ತಿಳಿಯದು, ಕೈಪಿಡಿ ನೋಡಬೇಕು. ಬಂದ ಸ್ಪಂದನದ ಅಗಲ ಅಳೆದು ವೇಗವನ್ನು ತಾನೇ ಊಹಿಸುವ ಯಂತ್ರಗಳೂ ಇವೆ, ನಿಜ. ಆದರೆ ಮೊದಲು ಬರುವ ಅಕ್ಷರ ಇಂಥದ್ದೇ ಎಂದು ಸಾಮಾನ್ಯವಾಗಿ ಅವುಗಳೊಳಗೆ ಬರೆದಿಟ್ಟಿರುತ್ತಾರೆ. ಒಪ್ಪಂದ ಒಂದು ಮೆಟ್ಟಿಲು ಹಿಂದೆ ಸರಿಯಿತು, ಮಾಯವಾಗಲಿಲ್ಲ.

ಅಷ್ಟರಮಟ್ಟಿಗೆ ಮೀಮಾಂಸಕರ ಆಕ್ಷೇಪ ನಿಲ್ಲುತ್ತದೆ. ಅವರ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಈ ತಂತಿಯ ಸಂಕೇತ ಅನಾದಿಯಲ್ಲ. ಯಾರೋ ಕೂತು ಗೊತ್ತುಮಾಡಿ ಬರೆದದ್ದು, ಕನ್ನಡವೋ ಇಂಗ್ಲಿಷೋ ಬಲ್ಲ ಜನರ ನಡುವೆ ಬೇರೊಂದು ಮಾತಿನಲ್ಲಿ ಆದ ಒಪ್ಪಂದ. ನೈಯಾಯಿಕರು ಸೃಷ್ಟಿಯ ಆದಿಯಲ್ಲಿ ಸಂಕೇತ ಮಾಡಿದವನೆಂದು ಈಶ್ವರನನ್ನು ನಿಲ್ಲಿಸಿದ ಜಾಗದಲ್ಲಿ ಇಲ್ಲಿ ತಯಾರಕನ ಕೈಪಿಡಿ ನಿಂತಿದೆ. ಕೈಪಿಡಿಯೇ ಇಲ್ಲದ ಹಳೆಯ ಯಂತ್ರ ಸಿಕ್ಕಾಗ ಜನ ಹಿಡಿಯುವ ದಾರಿಯೂ ಶಾಸ್ತ್ರಕ್ಕೆ ಹೊಸತಲ್ಲ. ಹಸುವನ್ನು ತಾ, ಹಸುವನ್ನು ಕಟ್ಟು, ಕುದುರೆಯನ್ನು ತಾ ಎಂದು ಹಿರಿಯನು ಹೇಳುವುದನ್ನೂ ಇನ್ನೊಬ್ಬ ಮಾಡುವುದನ್ನೂ ನೋಡುತ್ತಾ, ಯಾವ ಪದ ಬಂದಾಗ ಏನು ಬದಲಾಯಿತೆಂದು ಮಗು ಮಾತು ಕಲಿಯುತ್ತದೆ ಎಂಬ ವಿವರಣೆ ಪ್ರಾಭಾಕರರ ಭಾಷಾಸಿದ್ಧಾಂತದ ಬುನಾದಿ. 1953ರಲ್ಲಿ ಪ್ರಕಟವಾದ ಗ್ರಂಥದಲ್ಲಿ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಕಟ್ಟಡದ ಕೆಲಸಗಾರರಿಬ್ಬರ ನಡುವೆ ಬರಿಯ ಆಜ್ಞೆಗಳಿಂದಲೇ ಆದ ಒಂದು ಭಾಷೆಯನ್ನು ಕಲ್ಪಿಸಿದ್ದು ಇದಕ್ಕೆ ತೀರ ಹತ್ತಿರದ್ದು. ಅಪರಿಚಿತ ಯಂತ್ರಕ್ಕೆ ಒಂದೊಂದೇ ಪದ ಕಳಿಸಿ, ಒಂದನ್ನು ಉಳಿಸಿ ಇನ್ನೊಂದನ್ನು ತೆಗೆದು, ಯಾವ ದೀಪ ಹತ್ತಿತೆಂದು ನೋಡುವವನು ಆ ಮಗುವಿನ ಕೆಲಸವನ್ನೇ ಮಾಡುತ್ತಾನೆ.

ಆಜ್ಞೆಗೂ ವರದಿಗೂ ಇರುವ ಅಂತರ ಮುಂದಿನ ವಿಷಯ. 1957ರ ತನ್ನ ಪುಸ್ತಕದಲ್ಲಿ ತತ್ತ್ವಜ್ಞಾನಿ ಎಲಿಜಬೆತ್ ಆನ್‌ಸ್ಕಮ್ ಒಂದು ಉದಾಹರಣೆ ಕೊಟ್ಟಳು. ಒಬ್ಬ ಸಾಮಾನಿನ ಚೀಟಿ ಹಿಡಿದು ಅಂಗಡಿಗೆ ಹೋಗುತ್ತಾನೆ, ಅವನ ಹಿಂದೆ ಒಬ್ಬ ಪತ್ತೇದಾರ ಅವನು ಕೊಂಡದ್ದನ್ನೆಲ್ಲ ಬರೆದುಕೊಳ್ಳುತ್ತಾನೆ. ಚೀಟಿಗೂ ಸಾಮಾನಿಗೂ ತಾಳೆಯಾಗದಿದ್ದರೆ ತಪ್ಪು ಕೊಳ್ಳುವವನ ಕೆಲಸದಲ್ಲಿ; ಪತ್ತೇದಾರನ ಪಟ್ಟಿ ತಾಳೆಯಾಗದಿದ್ದರೆ ತಪ್ಪು ಪಟ್ಟಿಯಲ್ಲಿ. ಮೀಮಾಂಸೆಯಲ್ಲಿ ವಿಧಿ ಮತ್ತು ಅರ್ಥವಾದಗಳ ವಿಂಗಡಣೆ ಇದೇ ಆಗದಿದ್ದರೂ ಇದರ ನೆರೆಯದು: ವಸ್ತುಸ್ಥಿತಿ ಹೇಳುವಂತೆ ಕಾಣುವ ವಾಕ್ಯಕ್ಕೆ ಅಲ್ಲಿ ಸ್ವತಂತ್ರ ಪ್ರಾಮಾಣ್ಯವಿಲ್ಲ, ವಿಧಿಯೊಂದಿಗೆ ಕೂಡಿದಾಗಲೇ ಬೆಲೆ. ಪರಿವರ್ತಕ ಮರಳಿ ಕಳಿಸುವ ಓಕೆ ಎಂಬುದು ಯಾವ ಬಗೆಯದು? ಸಾಮಾನ್ಯವಾಗಿ ಅದು ಸಾಲು ಓದಿಸಿಕೊಂಡಿತು ಎಂಬ ವರದಿ ಮಾತ್ರ, ಕೆಲಸ ಆಯಿತೆಂಬ ವರದಿಯಲ್ಲ.

ಇದರ ಪರಿಣಾಮ ಸಂಗೀತದಲ್ಲಿ ಚೆನ್ನಾಗಿ ಕಾಣುತ್ತದೆ. ಯಂತ್ರ ಹೊರಗಿನ ವರ್ಡ್ ಕ್ಲಾಕನ್ನು, ಅಂದರೆ ಮಾದರಿಗಳ ಲಯ ಹಿಡಿಯುವ ಗಡಿಯಾರವನ್ನು, ಅನುಸರಿಸುತ್ತಿದೆ, ಆ ಕ್ಲಾಕ್ 44,100ರಲ್ಲಿದೆ ಎನ್ನೋಣ. 48,000 ಎಂದು ಕಳಿಸಿದಾಗ ಓಕೆ ಬಂತು, ರೆಕಾರ್ಡರ್ ಕಡತಕ್ಕೆ 48,000 ಎಂದು ಹಣೆಪಟ್ಟಿ ಹಚ್ಚಿತು, ಮಾದರಿಗಳು ಮಾತ್ರ 44,100ರ ಲೆಕ್ಕದಲ್ಲೇ ಬಂದವು. ಸಿ ಶ್ರುತಿಯಲ್ಲಿ ಹಾಡಿದ ಕೃತಿ ಕೇಳುವಾಗ ಸಿ ಶಾರ್ಪಿಗೂ ಡಿಗೂ ನಟ್ಟನಡುವೆ ಬಂದು ಕೂರುತ್ತದೆ. ಹತ್ತು ನಿಮಿಷದ ಆಲಾಪನೆ 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತದೆ. ತಂಬೂರಿಯೂ ಅಷ್ಟೇ ಏರಿರುವುದರಿಂದ ಅಪಶ್ರುತಿ ಎಲ್ಲೂ ಕೇಳಿಸದು. ಗಾಯಕರ ಕಂಠವನ್ನು ಬಲ್ಲವರಿಗಷ್ಟೇ ಅನುಮಾನ ಬರುತ್ತದೆ. ಎಇಎಸ್3 ಎಂಬ ಡಿಜಿಟಲ್ ಧ್ವನಿ ಸಂಪರ್ಕದಲ್ಲಿ ಈ ದ್ವೈತ ಒಂದೇ ಕೇಬಲ್ಲಿನಲ್ಲಿದೆ. ಅದರ ಸಂಕೇತದಲ್ಲೇ ಗಡಿಯಾರ ಬೆರೆತಿರುವುದರಿಂದ ನಿಜವಾದ ದರವನ್ನು ಅಳೆಯಬಹುದು. ಜೊತೆಗೆ ಚಾನೆಲ್ ಸ್ಟೇಟಸ್ ಎಂಬ ಬಿಟ್ಟುಗಳು ದರ ಇಷ್ಟೆಂದು ಬಾಯಲ್ಲಿ ಹೇಳುತ್ತವೆ. ಎರಡೂ ಬೇರೆಯಾದರೆ ನಂಬಬೇಕಾದದ್ದು ಅಳತೆಯನ್ನು. ಆದ್ದರಿಂದ ಅನುಭವಿಗಳು ಆಜ್ಞೆ ಕಳಿಸಿ ಓಕೆಯಲ್ಲಿ ನಿಲ್ಲುವುದಿಲ್ಲ. ಈಗಿನ ಸ್ಥಿತಿ ಏನು, ಕ್ಲಾಕ್ ಲಾಕ್ ಆಗಿದೆಯೇ ಎಂದು ಬೇರೆಯಾಗಿ ಕೇಳುತ್ತಾರೆ.

ಆಜ್ಞೆ ಒಂದೇ ಇದ್ದಾಗ ಕ್ರಮದ ಪ್ರಶ್ನೆ ಏಳುವುದಿಲ್ಲ. ಹಲವು ಇದ್ದರೆ ಯಾವುದು ಮೊದಲು ಎಂಬುದನ್ನು ನಿರ್ಣಯಿಸಲು ಮೀಮಾಂಸೆ ಆರು ಪ್ರಮಾಣಗಳನ್ನು ಎಣಿಸುತ್ತದೆ. ಅವುಗಳಲ್ಲಿ ಪಾಠಕ್ರಮ, ಅಂದರೆ ಪಠ್ಯದಲ್ಲಿ ಬಂದ ಅನುಕ್ರಮ, ಅರ್ಥಕ್ರಮಕ್ಕಿಂತ ದುರ್ಬಲ. ಪ್ರಸಿದ್ಧ ಉದಾಹರಣೆಯಲ್ಲಿ ಅಗ್ನಿಹೋತ್ರದ ಹೋಮದ ಮಾತು ಮೊದಲು, ಗಂಜಿ ಬೇಯಿಸುವ ಮಾತು ಆಮೇಲೆ. ಆದರೆ ಹೋಮಕ್ಕೆ ಬೇಕಾದದ್ದೇ ಆ ಗಂಜಿ, ಹಾಗಾಗಿ ಬೇಯಿಸುವುದೇ ಮೊದಲು. ಪರಿವರ್ತಕಕ್ಕೂ ಮೊದಲು ಮ್ಯೂಟ್, ಆಮೇಲೆ ಕ್ಲಾಕಿನ ಮೂಲ, ಆಮೇಲೆ ದರ, ಲಾಕ್ ಆದದ್ದು ಖಚಿತವಾದ ಮೇಲೆ ಮ್ಯೂಟ್ ತೆಗೆಯುವುದು. ಇಲ್ಲದಿದ್ದರೆ ಸ್ಪೀಕರಿನಲ್ಲಿ ಢಬ್ ಎಂಬ ಸದ್ದು. ವ್ಯತ್ಯಾಸವೆಂದರೆ ಗಂಜಿಯ ವಾಕ್ಯವನ್ನು ಓದಿದ ಮನುಷ್ಯ ಕ್ರಮವನ್ನು ತಾನೇ ತಿರುವಿಕೊಳ್ಳುತ್ತಾನೆ. ಯಂತ್ರಕ್ಕೆ ಪಾಠಕ್ರಮ ಒಂದೇ ಗೊತ್ತು. ಅರ್ಥಕ್ರಮವನ್ನು ಸ್ಕ್ರಿಪ್ಟ್ ಬರೆಯುವವನು ಮೊದಲೇ ಪಾಠಕ್ಕೆ ಇಳಿಸಿರಬೇಕು.

ಕೊನೆಗೆ ಉಳಿಯುವುದು ಉಳಿಕೆಯ ಪ್ರಶ್ನೆ. ಯಾಗ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಮುಗಿದುಹೋಗುತ್ತದೆ, ಸ್ವರ್ಗ ಬಹುಕಾಲದ ಮೇಲೆ ಬರುತ್ತದೆ. ನಡುವಿನ ಸೇತುವೆಯಾಗಿ ಮೀಮಾಂಸಕರು ಅಪೂರ್ವ ಎಂಬುದನ್ನು ಒಪ್ಪಿದರು. ಪರಿವರ್ತಕದಲ್ಲೂ ಬದಲಿಸಿದ ದರ ಬರಿಯ ಚಾಲ್ತಿಯ ಮೆಮೊರಿಯಲ್ಲಿದ್ದರೆ ಕರೆಂಟು ಹೋದೊಡನೆ ಅಳಿಯುತ್ತದೆ. ಸೇವ್ ಎಂಬ ಇನ್ನೊಂದು ಆಜ್ಞೆ ಕೊಟ್ಟರಷ್ಟೇ ಅದು ಶಾಶ್ವತ ಮೆಮೊರಿಗೆ ಹೋಗಿ, ಮುಂದೊಂದು ದಿನ ಯಂತ್ರ ಎದ್ದಾಗ ಫಲ ಕೊಡುತ್ತದೆ. ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅಪೂರ್ವವನ್ನು ಒಪ್ಪಲು ಭಾಟ್ಟರಿಗೆ ಇದ್ದ ಆಧಾರ, ಅದಿಲ್ಲದಿದ್ದರೆ ವೇದವಾಕ್ಯ ಹೊಂದುವುದಿಲ್ಲ ಎಂಬ ಅರ್ಥಾಪತ್ತಿ ಮಾತ್ರ. ಮೆಮೊರಿಯಲ್ಲಿ ಉಳಿದದ್ದನ್ನಾದರೆ ಫಲ ಬರುವವರೆಗೆ ಕಾಯದೆ, ಅದೇ ತಂತಿಯ ಮೇಲೆ ಕೇಳಿ ಓದಿಕೊಳ್ಳಬಹುದು.