ಸಾಕಾರಮಂತ್ರಭೇದವೂ ಸಮಾಜ ಜಾಲಗಳೂ

ದಶಲಕ್ಷಣ ಪರ್ವವನ್ನು ಶ್ರದ್ಧೆಯಿಂದ ಆಚರಿಸುವ ಒಂದು ಶ್ರಾವಕರ ಮನೆಯನ್ನು ಊಹಿಸಿಕೊಳ್ಳಬಹುದು. ಮನೆಯ ಹಿರಿಯ ಸೊಸೆ ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಉಪವಾಸವನ್ನು ಸ್ವೀಕರಿಸಿದ್ದಾಳೆ. ಮದುವೆಯಾಗಿ ಏಳು ವರ್ಷಗಳಾದರೂ ಮಕ್ಕಳಾಗಲಿಲ್ಲವೆಂಬ ನೋವು ಆಕೆಯಲ್ಲಿದೆ. ಉಪವಾಸಕ್ಕೆ ಅದನ್ನು ಫಲವಾಗಿ ಕೋರಿದರೆ ನಿದಾನಶಲ್ಯವಾದೀತೆಂದು ಅರಿತವಳಾದ್ದರಿಂದ ಒಂದನ್ನು ಇನ್ನೊಂದರೊಡನೆ ಬೆರೆಸಿಲ್ಲ. ಅತ್ತೆಯೊಬ್ಬರ ಹೊರತು ಬೇರೆ ಯಾರ ಬಳಿಯೂ ಬಾಯಿ ಬಿಟ್ಟಿಲ್ಲ. ಆದರೆ ಹಲವು ರಾತ್ರಿ ಮೊಬೈಲಿನಲ್ಲಿ ಚಿಕಿತ್ಸೆಯ ವಿಚಾರ ಹುಡುಕಿದ್ದಾಳೆ. ಅದೇ ವಿಷಯದ ಒಂದೆರಡು ವೀಡಿಯೋಗಳ ಮುಂದೆ ತುಸು ಹೆಚ್ಚು ಹೊತ್ತು ನಿಂತಿದ್ದಾಳೆ. ಆರನೆಯ ದಿನ ಆಕೆಯ ಸುಖಶಾತೆ ವಿಚಾರಿಸಲು ಬಂದ ನೆರೆಹೊರೆಯವರು ಪಡಸಾಲೆಯಲ್ಲಿ ಕುಳಿತಿರುವಾಗ, ಪೂಜೆಯ ಚಿತ್ರಗಳನ್ನು ನೋಡಲೆಂದು ಆಕೆಯ ಮೊಬೈಲನ್ನು ಎತ್ತಿಕೊಂಡ ಓರಗಿತ್ತಿಯ ಮಗ, ನಡುವೆ ಕಾಣಿಸಿಕೊಂಡ ಸಂತಾನ ಚಿಕಿತ್ಸಾ ಕೇಂದ್ರವೊಂದರ ಜಾಹೀರಾತನ್ನು ಗಟ್ಟಿಯಾಗಿ ಓದುತ್ತಾನೆ. ಅದರ ಹಿಂದೆಯೇ ಅಂಥದೇ ಇನ್ನೊಂದು.

ಅಲ್ಲಿ ಯಾರೂ ಸುಳ್ಳನ್ನಾಡಲಿಲ್ಲ, ಚಾಡಿ ಹೇಳಲಿಲ್ಲ. ಆದರೂ ಅತ್ತೆ ಸೊಸೆಯರ ನಡುವೆ ಉಳಿದಿದ್ದ ಮಾತು ಪಡಸಾಲೆಗೆ ಬಂದುಬಿಟ್ಟಿತು. ಈ ದೋಷ ಯಾರದು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕೊನೆಯದು ಸಾಕಾರಮಂತ್ರಭೇದ. ಹುಬ್ಬಿನ ಚಲನೆ, ಅಂಗವಿಕಾರ, ಸಂದರ್ಭ ಇವುಗಳಿಂದ ಪರರ ಅಭಿಪ್ರಾಯವನ್ನು ಊಹಿಸಿ ಅದನ್ನು ಹೊರಗೆಡಹುವುದೆಂದು ಇದರ ತಾತ್ಪರ್ಯ. ಇಲ್ಲಿ ಹೊರಗೆಡಹಿದ ಮಾತು ನಿಜವೇ ಆಗಿರಬಹುದು. ಆಗಿದ್ದರೂ ಅದು ಸತ್ಯವ್ರತಕ್ಕೇ ಕಲಂಕ. ನಿಜವನ್ನು ನುಡಿದವನು ಸತ್ಯವ್ರತವನ್ನು ಕೆಡಿಸಿಕೊಳ್ಳುವುದೆಂತು ಎಂಬ ಶಂಕೆ ಸಹಜ. ಆದರೆ ನುಡಿಯ ಅಧಿಕಾರ ಮನಸ್ಸಿನ ಒಡೆಯನಿಗೆ ಸೇರಿದ್ದು. ಆತ ಆಡದೆ ಉಳಿಸಿಕೊಂಡದ್ದನ್ನು ಅವನ ಮುಖದಿಂದ ಕದ್ದು ಓದಿ ಆಡುವವನು ಸತ್ಯವನ್ನು ಆಯುಧವಾಗಿಸಿಕೊಳ್ಳುತ್ತಾನೆ.

ಹಿಂದೆ ಈ ಅತಿಚಾರಕ್ಕೆ ಎದುರೆದುರು ಕುಳಿತ ಇಬ್ಬರು ಬೇಕಾಗಿತ್ತು. ಈಗ ಎದುರಿಗೆ ಕುಳಿತವರು ಕಾಣುವುದಿಲ್ಲ. ಯಾವ ಚಿತ್ರದ ಮುಂದೆ ಬೆರಳು ಎಷ್ಟು ಹೊತ್ತು ತಡೆಯಿತು, ಯಾವುದನ್ನು ಮೆಚ್ಚಿತು, ಯಾರೊಡನೆ ಯಾವ ಹೊತ್ತಿನಲ್ಲಿ ಮಾತು ನಡೆಯಿತು, ಮೊಬೈಲು ಯಾವ ಬೀದಿಯಲ್ಲಿ ನಿಂತಿತು ಎಂಬ ಚಿಹ್ನೆಗಳನ್ನೆಲ್ಲ ಜಾಲದ ಸಂಸ್ಥೆಗಳು ಕೂಡಿಡುತ್ತವೆ. ಬಿಡಿಬಿಡಿಯಾಗಿ ಅವುಗಳಲ್ಲಿ ಗುಟ್ಟೇನೂ ಇಲ್ಲ. ಕೂಡಿದಾಗ ಅವು ಮುಖಚರ್ಯೆಯಾಗುತ್ತವೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಸಿನ್ಸ್ಕಿ, ಸ್ಟಿಲ್‌ವೆಲ್, ಗ್ರೇಪೆಲ್ ಎಂಬ ಸಂಶೋಧಕರು ಸುಮಾರು 58,000 ಮಂದಿಯ ಫೇಸ್‌ಬುಕ್ ‘ಲೈಕ್’ಗಳನ್ನು ಪರಿಶೀಲಿಸಿ, ಅಷ್ಟರಿಂದಲೇ ವ್ಯಕ್ತಿಯ ಮತ, ರಾಜಕೀಯ ಒಲವು, ಸ್ವಭಾವ ಮೊದಲಾದವನ್ನು ಬಹುಮಟ್ಟಿಗೆ ಊಹಿಸಬಹುದೆಂದು ತೋರಿಸಿದರು. ಆರೋಗ್ಯ, ಧರ್ಮಾಚರಣೆ, ರಾಜಕೀಯಗಳಿಗೆ ಸಂಬಂಧಿಸಿದ ಸೂಕ್ಷ್ಮ ವಿಷಯಗಳನ್ನು ಆಧರಿಸಿ ಜನರನ್ನು ಆರಿಸುವ ಅವಕಾಶವನ್ನು ಫೇಸ್‌ಬುಕ್ಕಿನ ಒಡೆತನದ ಮೆಟಾ ಸಂಸ್ಥೆ 2022ರ ಜನವರಿಯಿಂದ ಜಾಹೀರಾತುದಾರರಿಗೆ ತೆಗೆದುಹಾಕಿತು. ಅಲ್ಲಿಯವರೆಗೆ ಅಂಥ ಅವಕಾಶ ಇತ್ತೆಂಬುದನ್ನೂ ಇದರಿಂದಲೇ ತಿಳಿಯಬೇಕು. (ಇಂದಿನ ತರುಣರು ‘ಅಲ್ಗಾರಿದಂ’ ಎಂಬ ಶಬ್ದವನ್ನು ಕರ್ಮೋದಯಕ್ಕೆ ಪರ್ಯಾಯಪದವೋ ಎಂಬಂತೆ ಉಚ್ಚರಿಸುತ್ತಾರೆ. ಅದು ಮನುಷ್ಯರು ಲಾಭಕ್ಕಾಗಿ ಬರೆದಿಟ್ಟ ಲೆಕ್ಕದ ವಿಧಾನ, ಅಷ್ಟೆ.)

ಯಂತ್ರವು ಅಜೀವ, ಅದಕ್ಕೆ ಕಷಾಯವಿಲ್ಲ, ಪ್ರಮಾದವಿಲ್ಲ, ಆದ್ದರಿಂದ ಬಂಧವೂ ಇಲ್ಲ ಎಂದು ವಾದಿಸಬಹುದು. ಯಂತ್ರದ ಮಟ್ಟಿಗೆ ವಾದ ಸರಿಯೇ. ಕತ್ತಿಗೂ ಬಂಧವಿಲ್ಲ. ಆದರೆ ದೋಷವನ್ನು ಕೃತ, ಕಾರಿತ, ಅನುಮತ ಎಂಬ ಮೂರು ಬಗೆಯಲ್ಲಿ ನೋಡುವುದು ಜೈನರ ಪದ್ಧತಿ. ಲೋಭದಿಂದ ಯಂತ್ರವನ್ನು ನಡೆಸುವವನದು ಕಾರಿತ. ಕೇಳಿದ ಅನುಮತಿಗಳಿಗೆಲ್ಲ ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತುವ ಗೃಹಸ್ಥನದು? ಅನುಮತ ಎಂಬ ಪದಕ್ಕೆ ಇದಕ್ಕಿಂತ ಅಕ್ಷರಶಃ ಉದಾಹರಣೆ ಸಿಗುವುದು ಕಷ್ಟ.

ಇಲ್ಲಿ ಸಾಮಾನ್ಯವಾಗಿ ಬರುವ ಉತ್ತರ, ಮುಚ್ಚಿಡುವಂಥದ್ದು ತನ್ನಲ್ಲಿ ಏನೂ ಇಲ್ಲವೆಂಬುದು. ಆ ಮಾತನ್ನು ಒಪ್ಪಿದರೂ ಪ್ರಶ್ನೆ ಮುಗಿಯುವುದಿಲ್ಲ. ಏಕೆಂದರೆ ಕೊಡುವವನು ತನ್ನದನ್ನು ಮಾತ್ರ ಕೊಡುತ್ತಿಲ್ಲ. 2018ರಲ್ಲಿ ಬಯಲಾದ ಕೇಂಬ್ರಿಜ್ ಅನಲಿಟಿಕಾ ಪ್ರಕರಣದಲ್ಲಿ ಪ್ರಶ್ನಾವಳಿಯ ಆ್ಯಪನ್ನು ಹಾಕಿಕೊಂಡವರು ಸುಮಾರು 2,70,000 ಮಂದಿ. ಆದರೆ ಅವರ ಸ್ನೇಹಿತರೆಂಬ ಕಾರಣದಿಂದಲೇ ಸೇರಿ, ವಿವರಗಳು ಹೊರಹೋಗಿರಬಹುದಾದವರ ಸಂಖ್ಯೆ 8 ಕೋಟಿ 70 ಲಕ್ಷದವರೆಗೆ ಇರಬಹುದೆಂದು ಫೇಸ್‌ಬುಕ್ಕೇ ತಿಳಿಸಿತು. ಒಪ್ಪಿದವನು ಒಬ್ಬ, ತೆತ್ತವರು ಮುನ್ನೂರಕ್ಕೂ ಹೆಚ್ಚು. ಮೊಬೈಲಿನಲ್ಲಿರುವ ದೂರವಾಣಿ ಸಂಖ್ಯೆಗಳ ಪಟ್ಟಿಯೂ ಹೀಗೆಯೇ. ವೈದ್ಯರು, ಬಸದಿಯ ಪುರೋಹಿತರು, ಕೊಟ್ಟ ಮನೆಯಲ್ಲಿರುವ ಮಗಳು, ಸಾಲ ಕೇಳಲು ಬಂದ ಬಂಧು ತಮ್ಮ ಸಂಖ್ಯೆಯನ್ನು ಕೊಟ್ಟದ್ದು ಮಾತನಾಡಲೆಂದೇ ಹೊರತು ಮೂರನೆಯವರಿಗೆ ಒಪ್ಪಿಸಲೆಂದಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನವಾದರೆ, ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಇನ್ನೊಂದಕ್ಕೆ ದಾಟಿಸುವುದು ಅದರ ನೆರೆಮನೆಯಲ್ಲಿಯೇ ಇದೆ.

ಸತ್ಯವ್ರತದ ಮತ್ತೊಂದು ಅತಿಚಾರ ನ್ಯಾಸಾಪಹಾರ. ಹೊನ್ನನ್ನು ಇಡಲು ಕೊಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಅಷ್ಟೇ’ ಎಂದು ಒಪ್ಪಿ ಉಳಿದದ್ದನ್ನು ತನ್ನಲ್ಲೇ ಇರಿಸಿಕೊಳ್ಳುವುದು. ಮರೆವನ್ನು ಬಂಡವಾಳ ಮಾಡಿಕೊಳ್ಳುವ ಈ ದೋಷಕ್ಕೂ ಈ ಕಾಲದ ವ್ಯವಹಾರಕ್ಕೂ ಇರುವ ಹೋಲಿಕೆ ಬೆರಗು ಹುಟ್ಟಿಸುತ್ತದೆ. ಹತ್ತು ವರ್ಷಗಳಲ್ಲಿ ತಾನು ಏನೇನು ಕೊಟ್ಟೆನೆಂಬುದು ಬಳಕೆದಾರನಿಗೆ ನೆನಪಿಲ್ಲ. ತನ್ನ ಮಾಹಿತಿಯ ಪ್ರತಿಯನ್ನು ಕೇಳಿ ಪಡೆಯುವ ಅನುಕೂಲ ಫೇಸ್‌ಬುಕ್ ಮೊದಲಾದ ಜಾಲಗಳ ಸೆಟ್ಟಿಂಗ್ಸ್‌ನಲ್ಲಿ ಇದೆ. ಒಮ್ಮೆ ಪಡೆದು ನೋಡಿದವನಿಗೆ ಲೆಕ್ಕ ಎಷ್ಟು ದೊಡ್ಡದೆಂಬುದು ಮನದಟ್ಟಾಗುತ್ತದೆ.

ಕಾನೂನಿನ ಆಶ್ರಯ ಇಲ್ಲದಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಅರ್ಜಿಯ ಸಂಬಂಧವಾಗಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಆಯಿತು. ಆದರೆ ಕಾಯಿದೆ ಕಾಯುವುದು ಬಹುಮಟ್ಟಿಗೆ ಸಮ್ಮತಿಯನ್ನು; ಸಮ್ಮತಿ ಕೊಡುವ ಬೆರಳನ್ನು ಹಿಡಿಯುವುದು ವ್ರತದ ಕೆಲಸ.

ದೇಶವ್ರತದ ಅತಿಚಾರಗಳು ಇಲ್ಲಿ ನೆನಪಾಗುತ್ತವೆ. ಇಂತಿಷ್ಟು ಎಲ್ಲೆಯನ್ನು ದಾಟುವುದಿಲ್ಲವೆಂದು ನಿಯಮ ಹಿಡಿದವನು ತಾನು ಒಳಗೇ ಇದ್ದು, ಹೊರಗಿನಿಂದ ವಸ್ತು ತರಿಸುವುದು, ಆಳನ್ನು ಕಳಿಸುವುದು, ಸದ್ದು ಮಾಡಿ ಕರೆಯುವುದು, ರೂಪ ತೋರಿಸುವುದು, ಹೆಂಟೆ ಎಸೆದು ಗಮನ ಸೆಳೆಯುವುದು ಎಂಬ ಐದು. ಪ್ರೋಷಧೋಪವಾಸದ ದಿನ ಮನೆ ಬಿಟ್ಟು ಕದಲದವನ ಕೈಯಲ್ಲಿರುವ ಮೊಬೈಲು ಈ ಐದನ್ನೂ ಗಳಿಗೆಗಳಿಗೆಗೂ ಮಾಡಬಲ್ಲದು. ಮಾಲೀಕನು ಸಾಮಾಯಿಕಕ್ಕೆ ಕುಳಿತಾಗಲೂ ತಾನು ಎಲ್ಲಿದ್ದೇನೆಂದು ಹೊರಗೆ ತಿಳಿಸುತ್ತಿರಬಲ್ಲದು. ಹಾಗಾಗಿ ಪರಿಮಾಣವನ್ನು ಅನುಮತಿಗಳಿಂದಲೇ ಆರಂಭಿಸಬೇಕಾಗುತ್ತದೆ. ಯಾವ ಆ್ಯಪಿಗೆ ಸಂಖ್ಯೆಗಳ ಪಟ್ಟಿ ಬೇಕಿಲ್ಲವೋ ಅದಕ್ಕೆ ಕೊಡದಿರುವುದು, ಸ್ಥಳದ ತಿಳಿವನ್ನು ಬಳಕೆಯ ಹೊತ್ತಿಗಷ್ಟೇ ಸೀಮಿತಗೊಳಿಸುವುದು, ಹುಡುಕಾಟದ ಇತಿಹಾಸ ತಾನಾಗಿ ಅಳಿಯುವಂತೆ ಏರ್ಪಡಿಸುವುದು, ಇತರ ತಾಣಗಳಲ್ಲಿನ ನಡೆಯನ್ನು ತನ್ನ ಖಾತೆಯಿಂದ ಬೇರ್ಪಡಿಸುವುದು, ಇನ್ನೊಬ್ಬರ ಉಪವಾಸದ ಚಿತ್ರವನ್ನು ಅವರನ್ನು ಕೇಳದೆ ಹಾಕದಿರುವುದು. ಇವು ಊಹೆಯನ್ನು ತಗ್ಗಿಸುತ್ತವೆ, ನಿಲ್ಲಿಸುವುದಿಲ್ಲ. ವಾಟ್ಸ್‌ಆ್ಯಪಿನ ಸಂದೇಶದ ಒಳಗನ್ನು ಸಂಸ್ಥೆ ಓದಲಾರದೆಂಬುದು ನಿಜ. ಯಾರು, ಯಾರಿಗೆ, ಯಾವಾಗ ಎಂಬುದು ಆ ಮುಚ್ಚಳದ ಒಳಗಿಲ್ಲ. ಖಾತೆಯೇ ಇಲ್ಲದವರ ಬಗೆಗೂ ಒಂದಷ್ಟು ಮಾಹಿತಿ ಸಂಗ್ರಹವಾಗುತ್ತದೆಂದು ಫೇಸ್‌ಬುಕ್ಕಿನ ಮುಖ್ಯಸ್ಥ ಜುಕರ್‌ಬರ್ಗ್ 2018ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ಒಪ್ಪಿಕೊಂಡಿದ್ದಾರೆ.

ಆ ಮನೆಯಲ್ಲಿ, ನೆರೆಯವರು ಎದ್ದುಹೋದ ಮೇಲೆ ಹುಡುಗನನ್ನು ಯಾರೂ ಗದರಿಸಲಿಲ್ಲವೆಂದು ಭಾವಿಸೋಣ. ಅತ್ತೆ ಸೊಸೆಯರು ದೀಪದ ಬಳಿ ಕುಳಿತು ಅನುಮತಿಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಎಂಟನೆಯದಕ್ಕೋ ಒಂಬತ್ತನೆಯದಕ್ಕೋ ಬಂದಾಗ ಅತ್ತೆ ತಮ್ಮ ಮೊಬೈಲನ್ನೂ ಸೊಸೆಯ ಕೈಗಿಡುತ್ತಾರೆ. ಸೊಸೆಗಾಗಿ ವೈದ್ಯರನ್ನು ವಿಚಾರಿಸಿದ್ದು, ಅವರ ಸಂಖ್ಯೆಯನ್ನು ಬರೆದಿಟ್ಟುಕೊಂಡದ್ದು ಅದರಲ್ಲಿಯೇ.